ಕೂಸಿಗೆ ಎರಿಯೋ ಮೊಣಕಾಲು

ಮೊಣಕಾಲು ಹಿಡಕೊಂಡು ದವಾಖಾನಿ ತಿರಗೋ ಮನುಷ್ಯಾರ ಬೆನ್ನಿಗೆ ಇಂಥಾ ಪ್ರಸಂಗ ತಾವೇ ಹತ್ತಿಕೊಂಡು ಬರತಾವ. ನನ್ನ ನಸೀಬೋ, ಈ ವಾಡಿ ಊರಿನ ಸಿಮೆಂಟ್ ಧೂಳಿನ ಗುಣೋ, ಗೊತ್ತಿಲ್ಲ. ಕೇಳಿದವ್ರು ಹೊಟ್ಟಿ ಹಿಡಕೊಂಡು ನಗತಾರ. ನಗ್ರಿ. ಆದ್ರ ಆವಾಗ ನನಗ ನಗು ಬಂದಿದ್ದಿಲ್ಲ ಅನ್ನೋದು ಮೊದಲೇ ಹೇಳಿಬಿಡತೀನಿ.

ಯಾಕಂದ್ರ ನನ್ನ ಮಗಳು ಬಸರಿದ್ದಳು. ಚಿಂಚೋಳಿಗೆ ಕೊಟ್ಟೀನಿ ಆಕಿನ್ನ. ಹಿಂದಿನ ಸಲ ನಮ್ಮ ಮನ್ಯಾಗೇ ಬಾಣಂತನ ಅಂತ ಎಲ್ಲಾ ತಯಾರಿ ಮಾಡಿದ್ವಿ. ಕೂಸು ಮನಿಗೆ ಬರಲೇ ಇಲ್ಲ. ಉಸಿರಿಲ್ಲದೇ ಹುಟ್ಟಿತು. ಅದಕ್ಕಂತ ಒಗೆದು ಮಡಚಿದ ಹಳೇ ಸೀರಿ ತುಂಡು ಇನ್ನೂ ನನ್ನ ಪೆಟ್ಟಿಗ್ಯಾಗ ಹಂಗೇ ಇತ್ತು. ಈ ಸಲ ದೇವರು ಕಣ್ಣು ತೆರೆದು ಕೊಟ್ರ ಆ ಕೂಸಿಗೆ ನಾನೇ ಎರಿಬೇಕು ಅಂತ ಹಟ ಹಿಡಿದಿದ್ದೆ. ಬ್ಯಾರೆ ಯಾವ ಆಸೇನೂ ಇದ್ದಿಲ್ಲ ನನಗ.

ನಮ್ಮ ಕಡಿ ಕೂಸಿಗೆ ಎರಿಯೋದು ಅಂದ್ರ ಬಚ್ಚಲದ ಫರಸಿ ಕಲ್ಲಿನ ಮ್ಯಾಲ ಕುಂತು, ಎರಡೂ ಕಾಲು ಮುಂದ ಚಾಚಿ, ಕೂಸಿನ್ನ ಆ ಕಾಲಿನ ಮ್ಯಾಲ ಮಲಗಿಸಿ ಎಣ್ಣಿ ತಿಕ್ಕಿ ಬಿಸಿ ನೀರು ಹಾಕೋದು. ಓಣಿ ಕೂಸುಗಳಿಗೆಲ್ಲ ನಾನೇ ಎರದೀನಿ. ಈಗ ಸ್ವಂತ ಮೊಮ್ಮಗು ಬರೋ ಹೊತ್ತಿಗೆ ಬಲಗಾಲಿನ ಮೊಣಕಾಲು ಚಾಚಾಕೂ ಬರವಲ್ಲದು, ಮಡಚಾಕೂ ಬರವಲ್ಲದು.

ಈ ಸುದ್ದಿ ಚಿಂಚೋಳಿ ಬೀಗತಿಗೆ ಮುಟ್ಟಿತು. ಫೋನ್ ಮಾಡಿದಳು. "ನಿಮಗ್ಯಾಕ ತ್ರಾಸ ಬೀಗತೇರ, ಈ ಸಲ ಬಾಣಂತನ ಇಲ್ಲೇ ಆಗಲಿ. ಕೂಸಿಗೆ ನಾ ಎರಿತೀನಿ. ನನ್ನ ಮೊಣಕಾಲು ಕಲ್ಲಿನಂಗ ಗಟ್ಟಿ ಅವ."

ನನಗ ಎದಿಗೆ ಚುಚ್ಚಿದಂಗಾತು. ಮೊದಲೇ ಆ ಬೀಗತಿ ಅಂದ್ರ ನನಗ ಅಷ್ಟಕ್ಕಷ್ಟೇ. ನಮ್ಮ ಮನಿಗೆ ಬಂದ್ರ ಜಮಖಾನಿ ಮ್ಯಾಲ ಕುಂದ್ರಾಕಿಯಲ್ಲ, ಕುರ್ಚಿನೇ ಬೇಕು. ಲಗ್ನದ ಮಾತುಕತಿ ದಿನ ಊರ ಹಿರೇರೆಲ್ಲಾ ಕೆಳಗ ಕುಂತಿದ್ರು, ಈಕಿ ಒಬ್ಬಾಕಿ ಕುರ್ಚಿ ಮ್ಯಾಲ. ಗಂಡಿನ ತಾಯಿ ಅನ್ನೋ ಸೊಕ್ಕು ನೋಡು ಅಂತ ನಾ ಅವತ್ತೇ ಮನಸ್ಸಿನ್ಯಾಗ ಇಟಗೊಂಡಿದ್ದೆ.

"ಏನೂ ಬ್ಯಾಡ್ರಿ, ಹೆರಿಗಿ ಆಗೋದ್ರೊಳಗ ನನ್ನ ಕಾಲು ನೆಟ್ಟಗ ಮಾಡ್ಕೋತೀನಿ" ಅಂತ ಬಿರುಸಿಲೆ ಹೇಳಿ ಫೋನ್ ಇಟ್ಟೆ. ಇಟ್ಟು ಒಲಿ ಮುಂದ ಕುಂತು ಅತ್ತೆ.

ವಾಡಿ: ಕುರ್ಚಿ ಖಾಲಿ, ನೆಲ ಭರ್ತಿ

ಮೊದಲು ಹೋಗಿದ್ದು ಊರಾಗಿನ ಒಬ್ಬ ಖಾಸಗಿ ಡಾಕ್ಟರ್ ಹಂತೇಲಿ. ಹೊರಗಿನ ಹಾಲ್‌ನ್ಯಾಗ ಕಬ್ಬಿಣದ ಕುರ್ಚಿ ಸಾಲಾಗಿ ಖಾಲಿ ಇದ್ವು. ಬಂದ ಹೆಣ್ಮಕ್ಕಳೆಲ್ಲಾ ಫರಸಿ ಮ್ಯಾಲ ಕುಂತು, ಗ್ವಾಡಿಗೆ ಬೆನ್ನು ಕೊಟ್ಟು ಕಾಲು ಚಾಚಿದ್ರು. ನಮ್ಮ ಕಡಿ ಬ್ಯಾಸಗಿ ನಿಮಗ ಗೊತ್ತೇ ಅದ. ಕುರ್ಚಿ ಹಂಚಿನಂಗ ಕಾದಿತ್ತು, ಫರಸಿ ತಣ್ಣಗಿತ್ತು. ನಾನೂ ಗ್ವಾಡಿ ಹಿಡಕೊಂಡು ಹಗೂರಕ ಇಳಿದು ಕುಂತೆ.

"ನಿಮಗೇನಾಗ್ಯಾದ್ರಿ?" ಅಂತ ಬಾಜೂದಾಕಿ ಕೇಳಿದಳು.

"ಮೊಣಕಾಲು. ನಿಮಗ?"

"ಮೊಣಕಾಲು. ಆ ಕಡಿ ಕುಂತವರದೂ ಅದೇ."

ಒಳಗಿಂದ ಕಂಪೌಂಡರ್ ಹೆಸರು ಕೂಗಿದ. ಆ ಹೆಸರಿನಾಕಿ ಏಳಾಕ ಹೋದಳು, ಆಗಲಿಲ್ಲ. ನನ್ನ ಭುಜ ಹಿಡದಳು. ನಾ ಬಾಜೂದಾಕಿನ್ನ ಹಿಡದೆ. ಆಕಿ ಆಚಿನಾಕಿನ್ನ ಹಿಡದಳು. ಇಡೀ ಸಾಲು ಒಂದು ಕಡಿ ವಾಲಿತೇ ಹೊರತು ಒಬ್ಬಾಕಿನೂ ಮ್ಯಾಲ ಏಳಲಿಲ್ಲ.

ಗದ್ದಲ ಕೇಳಿ ಡಾಕ್ಟರೇ ಹೊರಗ ಬಂದ್ರು. ನಮ್ಮನ್ನ ನೋಡಿ ಹಣಿ ಹಣಿ ಬಡಕೊಂಡ್ರು. "ಅಲ್ಲಬೇ, ನೆಲದ ಮ್ಯಾಲ ಕುಂದ್ರಬ್ಯಾಡ್ರಿ, ಕುಂದ್ರಬ್ಯಾಡ್ರಿ ಅಂತ ಬಾಯಿ ಹರಕೊಂಡು ಹೇಳೀನಿ. ಯಾರರೆ ಕೇಳತೀರೇನು?"

ಮೂಲ್ಯಾಗ ಕುಂತ ಮುದುಕಿ ತಣ್ಣಗ ಅಂದಳು: "ನೀವು ಹೇಳಿದ್ದು ಮನ್ಯಾಗ ಕುಂದ್ರಬ್ಯಾಡ ಅಂತ ಅಲ್ಲೇನ್ರಿ ಸಾಹೇಬ್ರ? ಇದು ದವಾಖಾನಿ."

ಡಾಕ್ಟರ್ ಸೋತು, ತಾವೇ ನೆಲಕ್ಕ ಕುಂತು ಒಬ್ಬೊಬ್ಬರದೇ ಕಾಲು ಮುಟ್ಟಿ ನೋಡಿದ್ರು. ಮುಗಿದ ಮ್ಯಾಲ ಅವರನ್ನ ಎಬ್ಬಸಾಕ ಕಂಪೌಂಡರ್ ಕೈ ಕೊಡಬೇಕಾತು.

ಶಹಾಬಾದ: ಚಾಚಾಕ ಬಂದ ಕಾಲು

ಗುಳಿಗಿಗೆ ನೋವು ಜಗ್ಗಲಿಲ್ಲ. ಎಕ್ಸ್‌ರೇ ತೆಗಸ್ರಿ ಅಂದ್ರು. ನಮ್ಮ ಮನಿಯವ್ರು ಶಹಾಬಾದಕ್ಕ ಕರಕೊಂಡು ಹೋದ್ರು. ಫ್ಯಾಕ್ಟರಿ ಪ್ಯಾಕಿಂಗ್‌ನ್ಯಾಗ ಚೀಲ ಹೊತ್ತು ಹೊತ್ತು ಈಗ ಮನ್ಯಾಗ ಕುಂತವ್ರು ಅವರು. ಮಾತು ಕಮ್ಮಿ, ಕೆಮ್ಮು ಜಾಸ್ತಿ.

ಎಕ್ಸ್‌ರೇ ತೆಗಿಯಾಂವ ಭಾಳ ಅವಸರದಾಗಿದ್ದ. "ನೋವಿರೋ ಕಾಲು ನೆಟ್ಟಗ ಚಾಚ್ರಿ, ಜಲ್ದಿ" ಅಂದ. ನೋವಿರೋ ಕಾಲು ನೆಟ್ಟಗ ಚಾಚಾಕ ಬಂದಿದ್ರ ನಾ ಅಲ್ಲಿಗ್ಯಾಕ ಹೋಗತಿದ್ದೆ? ಹಲ್ಲು ಕಚ್ಚಿ ನೋಡಿದೆ, ಆಗಲಿಲ್ಲ. ಆತ "ಜಲ್ದಿ, ಜಲ್ದಿ" ಅನ್ನಾಕತ್ತಿದ್ದ. ಯಾವುದು ಚಾಚಾಕ ಬಂತೋ ಅದನ್ನ ಚಾಚಿದೆ.

ಅಲ್ಲಿನ ಎಲುಬಿನ ಡಾಕ್ಟರ್ ಆ ಫಿಲ್ಮ್ ಬೆಳಕಿಗೆ ಹಿಡಿದು ನೋಡಿ, "ಭಾಳ ಚಲೋ ಅದ! ನಿಮ್ಮ ವಯಸ್ಸಿನ್ಯಾಗ ಇಂಥಾ ಮೊಣಕಾಲು ಸಿಗೋದು ಅಪರೂಪ. ನೋವಿನ ಎಣ್ಣಿ ಹಚ್ಚರಿ ಸಾಕು" ಅಂದ್ರು. ನಮ್ಮ ಮನಿಯವ್ರು ಹಿಗ್ಗಿ ಹೀರೇಕಾಯಿ ಆದ್ರು. ಜಿಲೇಬಿ ಕಟ್ಟಿಸಿದ್ರು. ಚಿಂಚೋಳಿಗೆ ಫೋನ್ ಹಚ್ಚಿ, "ಬಾಣಂತನ ವಾಡಿದಾಗೇ ನೋಡ್ರಿ, ಡಾಕ್ಟರ್ರೇ ಹೇಳ್ಯಾರ" ಅಂತ ಬೀಗತಿಗೂ ಸಾರಿದ್ರು. ರೈಲಿನ್ಯಾಗ ಕಿಡಕಿ ಬೆಳಕಿಗೆ ಆ ಫಿಲ್ಮ್ ಹಿಡಿದು, ಎದುರಿಗೆ ಕುಂತ ಮಂದಿಗೆಲ್ಲಾ ತೋರಿಸ್ಯಾರ!

ವಾಡಿ ಹತ್ತರ ಬಂದಾಗ ಬಾಯಿ ಬಿಟ್ಟೆ. "ರೀ, ಅದು ಎಡಗಾಲಿಂದು."

"ಎಡಗಾಲು ಯಾಕ ಚಾಚಿದಿ?"

"ಬಲಗಾಲು ಚಾಚಾಕ ಬರಲಿಲ್ಲ."

ಅವರು ಫಿಲ್ಮ್ ಹಗೂರಕ ಸುತ್ತಿ ಚೀಲದಾಗ ಇಟ್ರು. ಆಮ್ಯಾಲ ಜಿಲೇಬಿ ಪುಡಿಕಿ ನನ್ನ ಕೈಯಾಗ ಕೊಟ್ಟು ಅಂದ್ರು: "ತಿಂದುಬಿಡು. ಎಡಗಾಲಿಗರೆ ಚಲೋ ಆತಲ್ಲ."

ಮತ್ತ ಹೋಗಿ ಬಲಗಾಲಿಂದು ತೆಗಸಿದ್ವಿ. ಈ ಸಲ ಡಾಕ್ಟರ್ ನಗಲಿಲ್ಲ. ಸವದು ಎಲುಬಿಗೆ ಎಲುಬು ಹತ್ತ್ಯಾದ ಅಂದ್ರು. ಜಿಲೇಬಿ ಅಂಗಡಿ ಮುಂದೇ ಬಂದ್ವಿ, ಯಾರೂ ಆ ಕಡಿ ನೋಡಲಿಲ್ಲ.

ಚಿತ್ತಾಪುರದ ವ್ಯಾಯಾಮ, ಊರ ಮಂದಿ ಚಾ

ಚಿತ್ತಾಪುರದಾಗ ಒಬ್ಬ ಹೆಣ್ಮಗಳು ವ್ಯಾಯಾಮ ಮಾಡಸ್ತಾಳ ಅಂತ ಹೋದ್ವಿ. ಚಲೋ ಹುಡುಗಿ. ಮೊಣಕಾಲಿನ ಕೆಳಗ ಟವೆಲ್ ಸುತ್ತಿ ಇಟ್ಟು, ಮಲಕೊಂಡು ಹಗೂರಕ ಒತ್ತಬೇಕು, ಮನ್ಯಾಗ ದಿನಾ ಮಾಡ್ರಿ ಅಂತ ಕಲಿಸಿದಳು.

ನಡುಮನ್ಯಾಗ ಮಲಕೊಂಡು ಒತ್ತಾಕತ್ತಿದ್ದೆ. ಹಾಲಿನಾಕಿ ಬಾಗಿಲದಾಗಿಂದ ಹಣಿಕಿ ನೋಡಿದಳು. ಸಂಜಿಗೆ ಓಣಿ ತುಂಬ ಸುದ್ದಿ, ನಾ ಹಾಸಿಗಿ ಹಿಡದೀನಿ ಅಂತ. ಮರುದಿನದಿಂದ ಮಾತಾಡಸಾಕ ಮಂದಿ ಶುರುವಾದ್ರು. ಬಾಳೆಹಣ್ಣು, ಬಿಸ್ಕೀಟು ಹಿಡಕೊಂಡು ಬರೋದು, ನನ್ನ ತಲಿ ಹಂತೇಲಿ ಕುಂದ್ರೋದು, "ಹೆಂಗಿದ್ದಾಕಿ ಹೆಂಗಾದ್ಯಬೇ" ಅಂತ ಸೆರಗು ಕಣ್ಣಿಗಿಡೋದು. ಆಡಕಿ ಊರಿಂದ ನಮ್ಮ ಸಣ್ಣವ್ವ ಮನಿ ಮಂದಿನ್ನೆಲ್ಲಾ ಕಟಗೊಂಡು ಬಂದಳು.

ಬಂದವರನ್ನ ಹಂಗೇ ಕಳಸಾಕ ಬರತದೇನ್ರಿ? ಎದ್ದು ಚಾ ಇಡಬೇಕು. ಅವರು ಹೋದ ಮ್ಯಾಲ ಮಲಕೊಂಡು ಟವೆಲ್ ಇಡಬೇಕು. ಇಡೋದ್ರಾಗ ಮತ್ತ ಬಾಗಿಲು ಬಡೀತಾರ.

ಅದರ ನಡುವ ಅಳಿಯ ಸುಲೇಪೇಟ ಬಜಾರದಾಗ ಗುಲಾಬಿ ಬಣ್ಣದ ಪ್ಲಾಸ್ಟಿಕ್ ಟಬ್ ತಗೊಂಡು ಬಸ್ಸಿನ ಮ್ಯಾಲ ಹಾಕಿ ಕಳಿಸಿದ. ಕೂಸಿಗೆ ಇದರಾಗ ಎರಿಬಹುದು, ಅತ್ತಿಯವರಿಗೆ ತ್ರಾಸ ಆಗಂಗಿಲ್ಲ ಅಂತ. ಒಳ್ಳೆ ಮನಸ್ಸಿಂದೇ ಕಳಿಸ್ಯಾನ. ಆದ್ರ ಅದರ ಮಾರಿ ನೋಡಿದ್ರ ನನಗ ಅನ್ನ ಸೇರತಿದ್ದಿಲ್ಲ. ಉಳ್ಳಾಗಡ್ಡಿ ಹಾಕಿ ಮೂಲಿಗೆ ನೂಕಿದೆ.

ಮತ್ತ ತೋರಸಾಕ ಹೋದಾಗ ವ್ಯಾಯಾಮದ ಹುಡುಗಿ ಕೇಳಿದಳು, "ನೋವು ಹೆಂಗದ ಅವ್ವಾರ?"

"ಬಲಗಾಲಿಂದು ಹಂಗೇ ಅದ ಯವ್ವಾ. ಕೇಳಾಕ ಬಂದವರಿಗೆ ಚಾ ಮಾಡಿ ಮಾಡಿ ಎಡಗಾಲೂ ಹೋತು."

ಸೇಡಂ: ಬಡಕಲ ಕೂಸು

ಕಡಿಗೆ ಉಳಿದಿದ್ದು ಸೇಡಂ. ಅಲ್ಲಿ ಒಂದು ಖಾಸಗಿ ದವಾಖಾನಿಗೆ ಐತವಾರ ಐತವಾರ ಹೈದರಾಬಾದಿನ ದೊಡ್ಡ ಡಾಕ್ಟರ್ ಬರತಾರ. ಅವರಿಗೆ ಕನ್ನಡ ಅಷ್ಟಕ್ಕಷ್ಟೇ, ತೆಲುಗು ಹಿಂದಿ ಜಾಸ್ತಿ. ಅದಕ್ಕ ಹಿಂದಿ ಬರೋ ಬಾಜೂ ಮನಿ ಆಪಾನ್ನ ಕರಕೊಂಡು ಹೋದೆ. ಆಕಿ ನನಗ ಅಕ್ಕ ಇದ್ದಂಗ. ಆಕಿ ಮಕ್ಕಳಿಗೆಲ್ಲಾ ನಾನೇ ಎರದೀನಿ.

ಡಾಕ್ಟರ್ ಫಿಲ್ಮ್ ನೋಡಿ, ಮೊಣಕಾಲು ಬದಲಾಯಿಸಬೇಕು ಅಂದ್ರು. ಹೊಸದು ಹಾಕಿದ್ರ ನಡೀಬಹುದು, ಮೆಟ್ಟಲಾ ಹತ್ತಬಹುದು, ನೆಲದ ಮ್ಯಾಲ ಮಾತ್ರ ಕುಂದ್ರಂಗಿಲ್ಲ.

"ಕೂಸಿಗೆ ಎರಿಯಾಕ ಬರತದೋ ಇಲ್ಲೋ ಕೇಳ ಆಪಾ" ಅಂದೆ.

ಆಪಾ ಕೇಳಿದಳು. ಡಾಕ್ಟರಿಗೆ ತಿಳೀಲಿಲ್ಲ. ಆಕಿ ಕೈ ಬಾಯಿ ತಿರುವಿ ಹೇಳಿದ್ರೂ ತಿಳೀಲಿಲ್ಲ. ನಾ ತಪಾಸಣಿ ಮಂಚದ ಮ್ಯಾಲೇ ಕಾಲು ಬಂದಷ್ಟು ಚಾಚಿ ಕುಂತೆ. ಅವರ ಟೇಬಲ್ ಮ್ಯಾಲ ಪ್ಲಾಸ್ಟಿಕ್ಕಿನ ಮೊಣಕಾಲು ಎಲುಬಿತ್ತು. ಅದನ್ನ ತಗೊಂಡು ಕಾಲಿನ ಮ್ಯಾಲ ಮಲಗಿಸಿದೆ. ಎಣ್ಣಿ ತಿಕ್ಕಿದೆ, ಬೆನ್ನು ತಟ್ಟಿದೆ, ಮಗ್ಗಲಾ ತಿರುವಿದೆ, ಕೈ ಅಡ್ಡ ಹಿಡಿದು ಕಣ್ಣಿಗೆ ಬೀಳದಂಗ ನೀರು ಹಾಕಿದೆ. "ಹಿಂಗ ಎರಿಬೇಕ್ರಿ. ನಿಮ್ಮ ಹೊಸಾ ಕಾಲಿಗೆ ಇದು ಬರತದೇನು?"

ಡಾಕ್ಟರ್ ಇಲ್ಲ ಅಂತ ತಲಿ ಅಲ್ಲಾಡಿಸಿದ್ರು. ನನಗ ದುಃಖ ತಡಕೊಳ್ಳಾಕ ಆಗಲಿಲ್ಲ. ಆ ಎಲುಬು ಎದಿಗವಚಿ ಗಳಗಳ ಅತ್ತುಬಿಟ್ಟೆ. ಹಿಂದಿನ ಕೂಸಿನ ಸುದ್ದಿ ಆಪಾನೇ ಅವರಿಗೆ ಹೇಳಿದಳು. ಕೇಳಿ ಅವರು ಫಿಲ್ಮ್ ಬಾಜೂಕ ಇಟ್ರು. ಆಮ್ಯಾಲ, "ಆಪರೇಷನ್ ಅವಸರ ಇಲ್ಲಮ್ಮಾ. ಮೊದಲು ಕೂಸು ಬರಲಿ" ಅಂದು ಮೊಣಕಾಲಿಗೆ ಒಂದು ಇಂಜೆಕ್ಷನ್ ಮಾಡಿದ್ರು. ಸ್ವಲ್ಪ ದಿನ ನೋವು ತಗ್ಗಬಹುದು, ಆದ್ರ ನೆಲಕ್ಕ ಕುಂತ್ರ ಏಳೋದು ನಿಮ್ಮ ಜವಾಬ್ದಾರಿ ಅಂತ ಆಪಾನ ಬಾಯಿಲೆ ಹೇಳಿಸಿದ್ರು.

ಹೊರಗ ಪರದಾ ಸರಸಿ ಒಬ್ಬ ಮುದುಕಿ ಇದೆಲ್ಲಾ ನೋಡಾಕತ್ತಿದ್ದಳು. ಕಣ್ಣಿಗೆ ಪೊರಿ ಬಂದಿತ್ತು ಪಾಪ. ನಾ ಬಂದ ಕೂಡಲೇ ಕೈ ಹಿಡಿದು ಕೇಳಿದಳು, "ಅಳಬ್ಯಾಡ ನನ್ನವ್ವ. ಆದ್ರ ಕೂಸು ಭಾಳ ಬಡಕಲ ಆಗ್ಯಾದಲ್ಲ, ಏನು ಕುಡಸಾಕತ್ತೀರಿ ಅದಕ್ಕ?"

ಮನಿ ಬಚ್ಚಲದಾಗ

ಹೆರಿಗಿಗೆ ಮಗಳು ವಾಡಿಗೇ ಬಂದಳು, ಕೂಸು ಹುಟ್ಟಿತು. ಹೆಣ್ಣು ಕೂಸು. ಹೆರಿಗಿ ಕ್ವಾಣಿ ಹೊರಗ ನಾನೂ ನಮ್ಮ ಮನಿಯವ್ರೂ ಒಬ್ಬರ ಮಾರಿ ಒಬ್ಬರು ನೋಡದೇ ನಿಂತಿದ್ವಿ. ಒಳಗಿಂದ ಅಳೋದು ಕೇಳಿತು ನೋಡ್ರಿ! ನಾ ಹುಟ್ಟಿದಾಗಿಂದ ಅಂಥಾ ಚಲೋ ಧ್ವನಿ ಕೇಳಿಲ್ಲ. ನಮ್ಮ ಮನಿಯವ್ರು ಕೆಮ್ಮೋ ನೆವ ಮಾಡಿ ಗ್ವಾಡಿ ಕಡಿ ತಿರುಗಿದ್ರು.

ಮನ್ಯಾಗ ಎರಿಯೋ ದಿನ ಬಂತು. ಬೀಗತಿ ಮೊದಲನೇ ಬಸ್ಸಿಗೇ ಚಿಂಚೋಳಿಯಿಂದ ಬಂದಳು. ಬಚ್ಚಲದ ಬಾಗಿಲಿಗೆ ಕುರ್ಚಿ ಹಾಕಿಸಿಕೊಂಡು, ಸೆರಗು ಸರಿ ಮಾಡಿ ಕುಂತಳು. ಪರೀಕ್ಷಾ ತಗೊಳ್ಳಾಕ ಬಂದಾಳ ಅಂತ ನಾ ಒಳಗೊಳಗೇ ಕುದ್ದೆ.

ಆಪಾ ಹಂಡ್ಯಾಗಿನ ನೀರು ತೋಡಿ ತಂದಳು. ನಾ ಗ್ವಾಡಿ ಹಿಡಿದು, ದೇವರ ಹೆಸರು ಹೇಳಿ ಫರಸಿಗೆ ಇಳದೆ. ಎಡಗಾಲು ನೆಟ್ಟಗಾತು. ಬಲಗಾಲು ಎಷ್ಟು ಒತ್ತಿದ್ರೂ ಡೊಂಕೇ ಉಳೀತು. ಮಗಳು ಕೂಸು ತಂದು ಮಲಗಿಸಿದಳು. ಆ ಡೊಂಕಿನ್ಯಾಗ ಕೂಸು ಜೋಳಿಗ್ಯಾಗ ಮಲಗಿದಂಗ ಮಲಗಿತು, ಒಂಚೂರೂ ಜಾರಲಿಲ್ಲ. ಎಣ್ಣಿ ತಿಕ್ಕಿದೆ, ನೀರು ಹಾಕಿದೆ. ಹೋ ಅಂತ ಓಣಿಗೆಲ್ಲಾ ಕೇಳೋಹಂಗ ಅತ್ತಿತು. ಅಳು ನನ್ನವ್ವ, ಅಳು, ಹಿಂದಿನದೂ ಕೂಡಿಸಿ ಅಳು ಅಂದೆ. ನನ್ನ ಕಣ್ಣೀರು, ಹಂಡೆ ನೀರು ಎಲ್ಲಾ ಒಂದೇ ಆತು. ಪೆಟ್ಟಿಗ್ಯಾಗಿನ ಆ ಹಳೇ ಸೀರಿ ತುಂಡಿನ್ಯಾಗ ಸುತ್ತಿ ಮಗಳ ಕೈಗೆ ಕೊಟ್ಟೆ.

ಈಗ ಏಳಬೇಕು. ಏಳಾಕ ಆಗವಲ್ಲದು. ಆಪಾ ಬಗಲಿಗೆ ಕೈ ಹಾಕಿ ಎತ್ತಿದಳು. ನಮ್ಮ ಮನಿಯವ್ರು ಮುಂದಿಂದ ಎಳದ್ರು, ಎಳದು ಕೆಮ್ಮಾಕತ್ತಿದ್ರು. ನಾ ಅಲ್ಲೇ.

"ಸರೀರಿ ಎಲ್ಲಾರೂ, ನಾ ಎಬ್ಬಸತೀನಿ" ಅಂತ ಬೀಗತಿ ಕುರ್ಚಿ ಬಿಟ್ಟು, ಸೀರಿ ಎತ್ತಿ ಕಟ್ಟಿ ಒಳಗ ಬಂದಳು. ನನ್ನ ಎರಡೂ ಕೈ ಹಿಡಿದು ಬಗ್ಗಿದಳು. "ಯವ್ವಾ!" ಅಂತ ಒಂದು ಚೀರು ಹೊಡದು, ನನ್ನ ಬಾಜೂಕ ಹಸಿ ಫರಸಿ ಮ್ಯಾಲ ಧೊಪ್ಪ ಅಂತ ಕುಂತುಬಿಟ್ಟಳು. ಕುಂತಾಕಿ ಏಳಲಿಲ್ಲ.

"ಏನಾತ್ರಿ ಬೀಗತೇರ?" ಅಂದೆ ಗಾಬರಿಯಾಗಿ.

ಆಕಿ ಮಾರಿ ಆ ಕಡಿ ತಿರುವಿದಳು. "ಮೊಣಕಾಲ್ರಿ. ಮಗನ ಲಗ್ನಕ್ಕಿಂತ ಮೊದಲಿಂದೂ ಅದ. ಸೇಡಂಕ ಐತವಾರ ಒಬ್ಬ ಡಾಕ್ಟರ್ ಬರತಾರಲ್ಲ, ಅವರಿಗೆ ಕದ್ದು ತೋರಸಾಕತ್ತೀನಿ."

"ಮತ್ತ ಕಲ್ಲಿನಂಗ ಅವ ಅಂದಿದ್ರಿ?"

"ಕಲ್ಲೇ ಆಗ್ಯಾವ್ರಿ, ಮಡಚಾಕ ಬರವಲ್ಲವು. ನಿಮ್ಮ ಮನಿ ಮಂದಿ ಎಲ್ಲಾ ಕೆಳಗ ಕುಂತಾಗ ನಾ ಒಬ್ಬಾಕಿ ಕುರ್ಚಿ ಮ್ಯಾಲ ಕುಂದ್ರಬೇಕಾದ್ರ ಜೀವ ಹಿಡಿಯಷ್ಟು ಆಗತಿತ್ತು. ಆದ್ರ ಈ ಕೂಸಿಗೆ ಒಮ್ಮೆರೆ ಎರಿಬೇಕು ಅಂತ ಆಸೆ ಇತ್ರಿ ನನಗೂ. ಹಿಂದಿನದು ನನಗೂ ಮೊಮ್ಮಗೂನೇ ಅಲ್ಲೇನು?"

ಇಷ್ಟು ವರ್ಷ ಆ ಕುರ್ಚಿ ಮ್ಯಾಲ ಸಿಟ್ಟು ಮಾಡಿದ್ದೆ. ಆಕಿ ಕೈ ಗಟ್ಟಿ ಹಿಡಕೊಂಡೆ. ಇಬ್ರೂ ಹಸಿ ಫರಸಿ ಮ್ಯಾಲ ಕಾಲು ಚಾಚಿ, ಒಂದು ಹೊತ್ತು ಅಳೋದು, ಒಂದು ಹೊತ್ತು ನಗೋದು. ನಮ್ಮ ಮನಿಯವ್ರು ಮಂದಿ ಕರಕೊಂಡು ಬರತೀನಿ ಅಂತ ಹೊಂಟ್ರು.

"ಮಂದಿ ತಡಾ ಬರಲಿ" ಅಂದೆ. "ಹೆಂಗೂ ಕುಂತೀನಿ, ನೀರೂ ಬಿಸಿ ಅದ. ಓಣ್ಯಾಗ ಯಾರದರೆ ಕೂಸಿದ್ರ ಮೊದಲು ತಗೊಂಡು ಬರ್ರಿ."

ಬೀಗತಿ ಸೆರಗಿನಿಂದ ಮೂಗು ಒರಸಿಕೊಂಡು, ತನ್ನ ಕಾಲೂ ಸರಿ ಮಾಡಿ ಅಂದಳು: "ಎರಡು ತರ್ರಿ."