ಹಲ್ಲುಪುಡಿ ಮಾರುವವಳ ಅಲ್ಲಾಡುವ ಹಲ್ಲು

ಹಲ್ಲುಪುಡಿ ಅಂಗಡಿಗೆ ಬರುವವರು ಮೊದಲು ಬಾಯಿ ತೆರೆದು ತೋರಿಸುತ್ತಾರೆ, ಆಮೇಲೆ ಮಾತಾಡುತ್ತಾರೆ. ಹಾಗಾಗಿ ಶಹಾಪುರದ ನನ್ನ ಅಂಗಡಿಯಲ್ಲಿ ಏನಾದರೊಂದು ನಡೆಯದ ದಿನವಿಲ್ಲ. ಸುರಪುರದ ಕಡೆಯ ಜಾಲಿ ತೊಗಟೆ, ಬೇವಿನ ತೊಗಟೆ, ದಾಳಿಂಬೆ ಸಿಪ್ಪೆ, ಲವಂಗ ಕುಟ್ಟಿ ನಾನೇ ಪುಡಿ ಮಾಡುತ್ತೇನೆ. ಯಾರೂ ಕಲಿಸಿದ್ದಲ್ಲ. ಪೊಟ್ಟಣ ಕಟ್ಟಲು ತಂದ ಹಳೆಯ ಪೇಪರು ಓದುತ್ತಲೇ ಅಕ್ಷರವನ್ನೂ ಕಲಿತೆ, ಗಿಡಮೂಲಿಕೆಯನ್ನೂ ಕಲಿತೆ.

ಈ ವರ್ಷ ನನ್ನದೇ ಒಸಡಿನಲ್ಲಿ ರಕ್ತ ಕಾಣಿಸಿತು. ಕೆಳಗಿನ ಮುಂದಿನ ಹಲ್ಲೊಂದು ನಾಲಿಗೆ ತಾಗಿದರೆ ಅಲ್ಲಾಡುತ್ತಿತ್ತು. ಹಲ್ಲು ಹೋದರೆ ಅಂಗಡಿಯೂ ಹೋದಂತೆಯೇ. ನಗುವುದನ್ನೇ ಬಿಟ್ಟೆ.

೧. ರೊಟ್ಟಿ ಜೊತೆಗೆ

ಹತ್ತಿರದ ಗೋಗಿ ಊರಿನ ಅಜ್ಜಿಯೊಬ್ಬಳು ಒಸಡು ಬಾತಿದೆ ಎಂದು ಬಂದಳು. ಪೊಟ್ಟಣ ಕೊಟ್ಟು, ‘ದಿನಾ ಎರಡು ಹೊತ್ತು’ ಎಂದೆ. ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿಯನ್ನೂ ನಾನೇ ಮಾರುತ್ತೇನೆ. ಅದಕ್ಕೂ ಇದೇ ಪೊಟ್ಟಣ. ವಾರ ಬಿಟ್ಟು ಅಜ್ಜಿ ಮತ್ತೆ ಬಂದಳು.

‘ಹೆಂಗದ ಯವ್ವಾ?’

‘ಕಹಿ ಭಾಳ ಅದ. ಎಣ್ಣಿ ಹಾಕಿ, ಉಳ್ಳಾಗಡ್ಡಿ ಕಡಕೊಂಡು ಹೆಂಗೋ ರೊಟ್ಟಿ ಕೂಡ ತಿಂದೆ.’

ಹಣೆ ಬಡಿದುಕೊಂಡೆ. ‘ತಿನ್ನೋದಲ್ಲ ಅದು, ಹಲ್ಲಿಗೆ ತಿಕ್ಕಿ ಉಗುಳೋದು.’

‘ಔಷಧ ಯಾರರ ಉಗುಳ್ತಾರೇನು? ಹುಚ್ಚಿ. ಉಪ್ಪು ಮಾತ್ರ ಮರ್ತೀದಿ ನೋಡು.’

೨. ಎರಡು ಹನಿ

ನನ್ನ ತೊಗಟೆ ಒಣಗುವುದು ಪಕ್ಕದ ಟೇಲರ್ ಮನೆಯ ಬಾಗಿಲ ಮುಂದೆ, ಬಿಸಿಲು ಅಲ್ಲೇ ಬೀಳುವುದರಿಂದ. ಆ ಮನೆಯಾಕೆಗೂ ನನಗೂ ಅದಕ್ಕಾಗಿ ದಿನಾ ಜಗಳ. ಅವತ್ತು ಹಲ್ಲಿನ ಹೆದರಿಕೆಗೆ, ಎರಡು ಹನಿ ಸಾಕಾಗುವ ಲವಂಗದ ಎಣ್ಣೆಯನ್ನು ಜಾಸ್ತಿಯೇ ಹಚ್ಚಿದ್ದೆ; ನಾಲಿಗೆ, ತುಟಿ ಎಲ್ಲ ಜೋಮು.

‘ಇವತ್ತೂ ಹಾಸೀರೇನು ಇಲ್ಲೇ?’ ಎಂದು ಬಂದಳು.

ಬಾಯಿ ತೆರೆದರೆ ಹಲ್ಲು ಕಂಡೀತೆಂದು ಸುಮ್ಮನೆ ನೋಡಿದೆ. ಅವಳು ಇನ್ನೂ ನಾಲ್ಕು ಮಾತು ಅಂದಳು. ನಾನು ಮತ್ತೆ ನೋಡಿದೆ.

‘ಯಾಕ್ ಆಪಾ, ಇಷ್ಟು ಗುಸ್ಸಾ? ಸಿಟ್ಟು ಬಿಡ್ರಿ, ಹಾಸ್ರಿ, ಕೋಳಿ ಬರದಂಗ ನಾ ಕಾಯ್ತೀನಿ.’

ವರ್ಷಗಟ್ಟಲೆ ಬಾಯಿ ಮಾಡಿ ಗೆಲ್ಲದ್ದನ್ನು ಬಾಯಿ ಸತ್ತಾಗ ಗೆದ್ದೆ.

೩. ಯಾದಗಿರಿಯ ಬೆಂಚು

ಹಲ್ಲು ಮಾತ್ರ ಗಟ್ಟಿಯಾಗಲಿಲ್ಲ. ಊರಲ್ಲಿ ತೋರಿಸಿದರೆ ಎಲ್ಲರಿಗೂ ಗೊತ್ತಾಗುತ್ತದೆಂದು ಮೂಗಿನವರೆಗೆ ಸೆರಗು ಹೊದ್ದು ಯಾದಗಿರಿ ಬಸ್ಸು ಹತ್ತಿದೆ. ಹಲ್ಲಿನ ಡಾಕ್ಟರಮ್ಮನ ಬೆಂಚಿನ ಮೇಲೆ ಗೋಗಿಯ ಅಜ್ಜಿ ಕೂತಿದ್ದಳು, ಅವಳೂ ಸೆರಗು ಹೊದ್ದು.

‘ಸಿಟ್ಟಾಗಬ್ಯಾಡ ತಂಗಿ, ಮಗಳು ಕಳಿಸ್ಯಾಳ. ನೀ ಯಾಕ ಬಂದಿ?’

‘ಡಾಕ್ಟರಿಗೆ ಪುಡಿ ಕೊಡಾಕ.’

ಅಜ್ಜಿ ನನ್ನನ್ನೇ ಮುಂದೆ ಬಿಟ್ಟಳು. ಒಳಗೆ ಡಾಕ್ಟರಮ್ಮ ಬಾಯಿ ನೋಡಿ, ಏನು ಹಚ್ಚುತ್ತೀರೆಂದು ಕೇಳಿ ತಿಳಿದು ಹೇಳಿದಳು: ‘ಬೇವು, ದಾಳಿಂಬಿ ಒಳಗ ಗುಣ ಅದ್ರಿ. ಅದರ ಸತ್ವ ತೆಗೆದು ಒಸಡಿಗೆ ಔಷಧ ಆಗ್ತದೇನು ಅಂತ ಇನ್ನಾ ಪರೀಕ್ಷಾ ನಡೆದಾವ. ಆದ್ರ ಒಸಡಿನ ಕೆಳಗ ಕಲ್ಲಾದ ಹೊಲಸು ಪುಡಿಗೆ ಹೋಗಂಗಿಲ್ಲ. ನೀವು ತಿಕ್ಕಿ ತಿಕ್ಕಿ ಒಸಡೂ ಕೆರೆದೀರಿ.’

‘ತಿಕ್ಕಿದ್ದು ನನ್ನ ತಪ್ಪು. ಪುಡೀದಲ್ಲ.’

ಅವಳು ನಕ್ಕು, ಜೋಮಿನ ಸೂಜಿ ಹಾಕಿ, ಆ ಕಲ್ಲು ಕೆರೆದು ತೆಗೆದಳು. ‘ಹಲ್ಲು ಉಳೀತದ. ತಡ ಮಾಡಿದ್ರ ಹೋಗ್ತಿತ್ತು.’

ಹೊರಗೆ ಬಂದಾಗ ಮತ್ತೆ ಬಾಯಿ ಜೋಮು.

‘ತಗೊಂಡ್ರೇನು ಡಾಕ್ಟರು ಪುಡಿ?’ ಎಂದಳು ಅಜ್ಜಿ.

ಸೊಕ್ಕು ಎಲ್ಲಿ ಬಿಡುತ್ತದೆ? ಹೂಂ ಎಂದು ತಲೆಯಾಡಿಸಿದೆ.

‘ಡಾಕ್ಟರೇ ತಗೊಂಡ್ರ ನನಗ್ಯಾಕ ಸೂಜಿ?’ ಅಜ್ಜಿ ಚೀಲ ಎತ್ತಿಕೊಂಡು ಬಾಗಿಲ ಕಡೆ ಹೊರಟೇಬಿಟ್ಟಳು.

ಸೆರಗು ಜಾರಿದಾಗ ಕಂಡಿತ್ತು, ಅವಳ ಒಸಡು ಕೀವು ತುಂಬಿ ಊದಿತ್ತು. ಕೂಗಬೇಕೆಂದರೆ ನಾಲಿಗೆ ಹೊರಳಲಿಲ್ಲ. ಓಡಿ ಕೈ ಹಿಡಿದೆ. ನನ್ನ ಸೆರಗು ಸರಿಸಿ, ಬೆಂಚಿನ ಜನರೆಲ್ಲ ನೋಡುತ್ತಿರುವಾಗಲೇ ಬಾಯಿ ತೆರೆದು ರಕ್ತ, ಹತ್ತಿ, ಹಲ್ಲು ಎಲ್ಲ ತೋರಿಸಿದೆ.

ಅಜ್ಜಿ ಬಗ್ಗಿ ಬಹಳ ಹೊತ್ತು ನೋಡಿದಳು. ಚೀಲ ಕೆಳಗಿಟ್ಟು ಮತ್ತೆ ಬೆಂಚಿನ ಮೇಲೆ ಕೂತಳು. ನನ್ನ ಕೈ ಸವರಿ ಅಂದಳು:

‘ಅಯ್ಯ ತಂಗಿ, ನೀನೂ ಪುಡಿ ಉಪ್ಪಿಲ್ದ ತಿಂದ್ಯೇನು?’