ಸೊನ್ನೆ ಓಮಿನ ಸ್ಪೀಕರ್

ಹರಿಹರದ ಕಾಲುವೆ ನೀರು ಬಳಕೆದಾರರ ಒಕ್ಕೂಟದ ನಿಯಮಾವಳಿಯಂತೆ, ಯಾವುದೇ ಖರೀದಿಯಲ್ಲಿ ಎಲ್ಲಕ್ಕಿಂತ ಕಡಿಮೆ ಅಂಕಿ ನಮೂದಿಸಿದವರ ಮಾಲನ್ನೇ ಸ್ವೀಕರಿಸತಕ್ಕದ್ದು. ಅಂಕಿ ಯಾವುದರದ್ದು ಎಂದು ನಿಯಮ ಹೇಳಿಲ್ಲ.

ನೀರಿನ ಮಿತಬಳಕೆಯ ಸಿನಿಮಾ ತೋರಿಸಲೆಂದು ಒಕ್ಕೂಟ ಒಂದು ಹೋಂ ಥಿಯೇಟರ್ ಮಂಜೂರು ಮಾಡಿತು. ಸ್ಪೀಕರುಗಳಿಗೆ ಸದ್ದು ಕಳಿಸುವ ರಿಸೀವರ್ ಪೆಟ್ಟಿಗೆ ಕೊಟ್ಟವನು ದಾವಣಗೆರೆಯ ಆನೆಕೊಂಡದಲ್ಲಿ ಅಂಗಡಿ ಇಟ್ಟ ಮುಜಾಹಿದ್. ಅದು ಸುಟ್ಟುಹೋದರೆ ಹೊಸದು ತಂದಿಡಬೇಕಾದವನೂ ಅವನೇ ಎಂದು ಸಹಿ ಹಾಕಿಸಿಕೊಂಡಿದ್ದರು. ಹಾಗಾಗಿ ಅದಕ್ಕೆ ಎಂಥ ಸ್ಪೀಕರ್ ಗಂಟುಬೀಳುತ್ತದೋ ಎಂಬುದೇ ಅವನ ಚಿಂತೆ. ಆರು ಓಮಿಗಿಂತ ಕೆಳಗಿನದು ಕೂಡದು ಎಂದು ರಿಸೀವರಿನ ಬೆನ್ನ ಮೇಲೇ ಅಚ್ಚಾಗಿತ್ತು. ಕರೆಂಟಿಗೆ ತಡೆಯೊಡ್ಡುವ ಈ ಓಮು ಇಳಿದಷ್ಟೂ ಸ್ಪೀಕರ್ ಹೆಚ್ಚು ಕರೆಂಟ್ ಎಳೆಯುತ್ತದೆ, ರಿಸೀವರ್ ಕಾದುಹೋಗುತ್ತದೆ. ಸ್ಪೀಕರಿಗೆ ಟೆಂಡರ್ ಕರೆದಾಗ ಅವನು ಅದರ ನೂರು ವಾಟಿಗೆ ತಕ್ಕ ಎಂಟು ಓಮಿನ ಸ್ಪೀಕರುಗಳನ್ನು ತಂದು ತೋರಿಸಿದ.

ಅಧ್ಯಕ್ಷ ಮೈಲಾರಲಿಂಗಪ್ಪನವರ ಬೀಗರು ನಾಲ್ಕು ಓಮಿನವನ್ನು ತಂದರು, ಬೆಲೆ ದುಪ್ಪಟ್ಟು. ಎಂಟಕ್ಕಿಂತ ನಾಲ್ಕು ಕಡಿಮೆಯಾದ್ದರಿಂದ ಕಾರ್ಯದರ್ಶಿ ನಾಗಭೂಷಣ್ ಅವನ್ನೇ ಅಂಗೀಕರಿಸಿದರು. ಸೌಂಡ್ ಏರಿಸಿದ ಕೂಡಲೇ ರಿಸೀವರ್ ಜೀವ ಉಳಿಸಿಕೊಳ್ಳಲು ತಾನಾಗಿಯೇ ಆಫ್ ಆಯಿತು. ತನಿಖಾ ಉಪಸಮಿತಿ ಕೂತು, ಓಮು ಇನ್ನೂ ಹೆಚ್ಚಿರುವುದೇ ದೋಷವೆಂದು ವರದಿ ಕೊಟ್ಟಿತು. ಮರು ಟೆಂಡರಿಗೆ ಬೀಗರು ಎರಡು ಓಮಿನವನ್ನು ಹಿಡಿದು ಬಂದರು.

ಇವು ಗಂಟುಬಿದ್ದರೆ ರಿಸೀವರ್ ಕರಕಲಾಗುವುದು ಖಾತ್ರಿ. ಮುಜಾಹಿದ್ ಜೇಬಿನಿಂದ ಗೇಣುದ್ದದ ತಂತಿ ತೆಗೆದು ಮೇಜಿನ ಮೇಲಿಟ್ಟ.

"ಇದಕ್ಕಿಂತ ಕಡಿಮೆ ಯಾರ್ ಕೊಡ್ತಾರ್ರಿ ಸಾರ್? ಸೊನ್ನೆ ಓಮು."

ನಾಗಭೂಷಣ್ ಮೀಟರ್ ಹಚ್ಚಿಸಿ ನೋಡಿದರು. ಸೊನ್ನೆಯೇ ಇತ್ತು.

"ಸೌಂಡ್ ಬರ್ತೈತೇನ್ರಿ ಸಾಬ್ರೆ?" ಎಂದರು ಅಧ್ಯಕ್ಷರು.

"ಇಲ್ರಿ ಯಜಮಾನ್ರೆ. ಇದನ್ನ ಹಾಕಿದ ಮ್ಯಾಲೆ ರಿಸೀವರ್ ಆನ್ ಮಾಡಂಗೇ ಇಲ್ಲ."

"ಸೌಂಡ್ ಬರಬೇಕು ಅಂತ ಟೆಂಡರ್‌ನಾಗೆ ಎಲ್ಲೂ ಇಲ್ಲ ಬಿಡ್ರಿ," ಎಂದರು ನಾಗಭೂಷಣ್.

ಆನ್ ಮಾಡತಕ್ಕದ್ದಲ್ಲ ಎಂಬ ಷರತ್ತಿನೊಂದಿಗೆ ತಂತಿ ಮಂಜೂರಾಯಿತು. ಬೀಗರ ಮನಸ್ಸು ನೋಯಬಾರದೆಂದು ತಂತಿಯ ವಾರ್ಷಿಕ ನಿರ್ವಹಣೆಯನ್ನು ಅವರಿಗೆ ವಹಿಸಲಾಯಿತು.

ಉದ್ಘಾಟನೆಗೆ ಮಲೆಬೆನ್ನೂರು, ಭಾನುವಳ್ಳಿ ಕಡೆಯಿಂದ ಟ್ರ್ಯಾಕ್ಟರುಗಳಲ್ಲಿ ಜನ ಬಂದರು. ಪರದೆಯ ಮೇಲೆ ನೀರು ಹರಿಯಿತು. ಫ್ಯಾನಿನ ಸದ್ದು ಬಿಟ್ಟರೆ ಸಭಾಂಗಣದಲ್ಲಿ ಏನೂ ಇಲ್ಲ. ಮುಜಾಹಿದ್ ತಣ್ಣಗಿದ್ದ ರಿಸೀವರಿನ ಮೇಲೆ ಕೈಯಿಟ್ಟು ನೆಮ್ಮದಿಯಾಗಿ ನಿಂತಿದ್ದ. ಅಷ್ಟರಲ್ಲಿ ಅಧ್ಯಕ್ಷರಿಗೆ ಫೋನ್ ಬಂತು. ಅವರು ಒಂದು ಕಿವಿ ಮುಚ್ಚಿಕೊಂಡು ಇವನತ್ತ ತಿರುಗಿದರು.

"ಸಾಬ್ರೆ, ಸೌಂಡ್ ಸ್ವಲ್ಪ ಸಣ್ಣಕ ಮಾಡ್ರಿ."

ಮುಜಾಹಿದ್ ಗುಂಡಿ ತಿರುಗಿಸಿದ. ಈಗ ಸರಿಯಾಯಿತು ಎಂದು ಅಧ್ಯಕ್ಷರು ತಲೆಯಾಡಿಸಿದರು. ಹಿಂದಿನ ಸಾಲಿನ ಭಾನುವಳ್ಳಿಯವರು ಮಾತ್ರ, ಇಷ್ಟೊತ್ತು ಚಲೋ ಇತ್ತು, ಈಗ ಏನೂ ಕೇಳಿಸುತ್ತಿಲ್ಲ ಎಂದು ತಕರಾರು ತೆಗೆದರು. ಫೋನ್ ಮುಗಿದ ಮೇಲೆ ಅವನು ಮತ್ತೆ ಏರಿಸಿಕೊಟ್ಟ.