ಮಾವನ ಪ್ರೊಟೆಸ್ಟು

ನಮ್ಮ ಸೋದರಮಾವನ ಮುಂದೆ ನೀವು ಯಾವ ವಿಷಯಕ್ಕೆ ಬೇಕಾದರೂ ಪ್ರತಿಭಟಿಸಿ, ಅಡ್ಡಿಯಿಲ್ಲ. ಅದನ್ನು ‘ಪ್ರೊಟೆಸ್ಟ್’ ಎಂದು ಮಾತ್ರ ಕರೆಯಬೇಡಿ! ಕರೆದಿರೋ, ನಿಮ್ಮ ಬೇಡಿಕೆ ಈಡೇರಿದರೂ ಅವರ ಪಾಠ ಮುಗಿಯುವುದಿಲ್ಲ.

ಮಾನ್ವಿಯಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು ನೋಡಿ. “ಲ್ಯಾಟಿನ್ ಶಬ್ದ ಅದು. ‘ಪ್ರೊ’ ಅಂದ್ರ ಮುಂದ, ‘ಟೆಸ್ಟಾರಿ’ ಅಂದ್ರ ಸಾಕ್ಷಿ ಹೇಳೂದು. ನಾಲ್ಕು ಮಂದಿ ಮುಂದ ನಿಂತು ಸಾಕ್ಷಿ ಹೇಳೂದಕ್ಕ ಪ್ರೊಟೆಸ್ಟ್ ಅಂತಿದ್ರು. ಒದರೂದು ಆಮ್ಯಾಲೆ ಬಂತು!” ಮನೆಯಲ್ಲೂ ಇದೇ ನಿಯಮ. ಸಾರಿಗೆ ಉಪ್ಪು ಕಮ್ಮಿಯಾದರೆ ಮಾವ ಒದರುವುದಿಲ್ಲ. ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ಸುಮ್ಮನೆ ನಿಲ್ಲುತ್ತಾರೆ. “ಹೆಂಗೂ ನಿಂತೀರಲ್ಲ, ಆ ಉಳ್ಳಾಗಡ್ಡಿ ಹೆಚ್ಚಿಕೊಡ್ರಿ” ಎನ್ನುತ್ತಾರೆ ಅತ್ತೆ. ಎಷ್ಟು ಪ್ರೊಟೆಸ್ಟುಗಳು ಹೀಗೆ ಉಳ್ಳಾಗಡ್ಡಿಯಲ್ಲಿ ಮುಗಿದಿವೆಯೋ!

ಮೊನ್ನೆ ನಾವಿಬ್ಬರೂ ರಾಯಚೂರಿನಿಂದ ದೇವದುರ್ಗದ ಬಸ್ಸು ಹತ್ತಿದೆವು. ಕಂಡಕ್ಟರ್ ಮಾವನ ಹಳೆಯ ವಿದ್ಯಾರ್ಥಿ. “ಬರ್ರಿ ಸರ್, ಇಲ್ಲೇ ಕುಂದರ್ರಿ” ಎಂದು ಕಾಲಿಗೆ ನಮಸ್ಕರಿಸಿ ಬಾಗಿಲ ಪಕ್ಕದ ಸೀಟು ಕೊಟ್ಟ. ಮಾವನ ಎದೆ ಉಬ್ಬಿದ್ದು ನೋಡಬೇಕಿತ್ತು!

ಗಬ್ಬೂರಿಗಿಂತ ಮುಂಚಿನ ಒಂದು ಹಳ್ಳಿಯಲ್ಲಿ ಕಾಲೇಜು ಹುಡುಗಿಯರು ಕೈ ಮಾಡಿದರು. ಬಸ್ಸು ನಿಂತಿತು. “ಪಾಸ್‌ನವ್ರು ಹಿಂದಿನ ಬಸ್ಸಿಗೆ ಬರ್ರಿ!” ಎಂದವನೇ ಕಂಡಕ್ಟರ್ ಸೀಟಿ ಊದಿದ. ಬಸ್ಸು ಥಟ್ಟನೆ ಹೊರಟಿತು. ಆಗಲೇ ಮೆಟ್ಟಿಲ ಮೇಲೆ ಕಾಲಿಟ್ಟಿದ್ದ ಹುಡುಗಿಯೊಬ್ಬಳು ರಸ್ತೆಗೆ ಬಿದ್ದಳು.

ನೋಡನೋಡುತ್ತಲೇ ಬಸ್ಸಿನ ಮುಂದೆ ಜಾಲಿಮುಳ್ಳು ಬಂದು ಬಿತ್ತು. ಊರವರು ಸುತ್ತುವರಿದರು, ಕೆಲವರ ಕೈಯಲ್ಲಿ ಕಲ್ಲು. “ಪ್ರೊಟೆಸ್ಟ್ ಮಾಡಾಕತ್ತೀವಿ, ಬಸ್ ಬಿಡೂದಿಲ್ಲ!” ಎಂದು ಒಬ್ಬ ಕೂಗಿದ. ಅಯ್ಯೋ, ಆ ಶಬ್ದವೇ ಬೇಕಿತ್ತೇ! ಮಾವ ಎದ್ದರು. ನಾನು ಅವರ ಅಂಗಿ ಹಿಡಿದು ಎಳೆದೆ. “ಮಾವಾ, ಲ್ಯಾಟಿನ್ ಬ್ಯಾಡ! ಅವರ ಕೈಯಾಗ ಕಲ್ಲದಾವು!”

ಅಷ್ಟರಲ್ಲಿ ಪೊಲೀಸರು ಬಂದರು. “ಆಕಿನ ಓಡಿಬಂದು ಬಿದ್ದಾಳ್ರಿ, ಬಸ್ ನಿಂತೇ ಇರಲಿಲ್ಲ” ಎಂದ ಕಂಡಕ್ಟರ್, ಬೆವರುತ್ತ. ಊರವರ ಗುಂಪಿನಲ್ಲಿದ್ದ ಹುಡುಗಿಯ ಅಪ್ಪ ಮಗಳತ್ತ ತಿರುಗಿ, “ಓಡೋ ಬಸ್ ಹತ್ತಾಕ ಹೋಗಿದ್ದೇನು? ಸಾಕು ನಿನ್ನ ಕಾಲೇಜು. ನಾಳಿಂದ ಮನ್ಯಾಗಿರು” ಎಂದ.

“ಇಲ್ಲಪ್ಪಾ, ನಿಂತಿತ್ತು” ಎಂದು ಅಳುತ್ತಲೇ ಹುಡುಗಿ ನಮ್ಮ ಕಿಟಕಿಗಳನ್ನು ನೋಡಿದಳು.

“ನೋಡಿದವ್ರು ಯಾರರ ಅದೀರೇನು?” ಪೊಲೀಸ್ ಕೇಳಿದ. ಬಸ್ಸಿನಲ್ಲಿದ್ದವರಿಗೆಲ್ಲ ಒಮ್ಮೆಲೇ ಮೊಬೈಲಿನಲ್ಲಿ ಕೆಲಸ ಬಂತು!

ಮಾವ ಕೆಳಗಿಳಿದರು. “ಸರ್...” ಎಂದ ಕಂಡಕ್ಟರ್, ಕೈ ಮುಗಿಯುವಂತೆ.

“ನಾ ನೋಡೀನಿ” ಎಂದರು ಮಾವ. “ಬಸ್ ನಿಂತಿತ್ತು. ಹುಡುಗಿ ಕಾಲು ಮೆಟ್ಟಲ ಮ್ಯಾಲಿತ್ತು. ಇವ ಸೀಟಿ ಊದಿದ.”

ಅಷ್ಟೇ. ಪಾಠವಿಲ್ಲ, ಲ್ಯಾಟಿನ್ನಿಲ್ಲ! ಕಂಡಕ್ಟರ್ ತಲೆ ತಗ್ಗಿಸಿ, “ಹೌದ್ರಿ, ನಂದ ತಪ್ಪು” ಎಂದ. ಕೈಗಳಿಂದ ಕಲ್ಲುಗಳು ಜಾರಿದವು. ಅಪ್ಪ ರಸ್ತೆಯಲ್ಲಿ ಬಿದ್ದಿದ್ದ ಬ್ಯಾಗಿನ ಧೂಳು ಕೊಡವಿ, ಮಗಳ ಹೆಗಲಿಗೆ ತಾನೇ ಏರಿಸಿದ.

ಬಸ್ಸು ಹೊರಟಿತು. ಮಾವನ ಸೀಟಿನಲ್ಲಿ ಆ ಹುಡುಗಿ ಕುಳಿತಿದ್ದಳು. ಮಾವ ಕಂಬ ಹಿಡಿದು ನಿಂತಿದ್ದರು. ಮುಖ ತಿರುಗಿಸಿಕೊಂಡೇ ಕಂಡಕ್ಟರ್ ನಮ್ಮನ್ನು ದಾಟಿ ಹೋದ.

“ಇವ ಹತ್ತನೇ ಕ್ಲಾಸಿನ್ಯಾಗ ಫೇಲಾದಾಗ ಮನ್ಯಾಗ ಇಟ್ಕೊಂಡು ಓದ್ಸಿದ್ದೆ. ನನ್ನ ಜೋಡಿ ಕುಂತು ಉಂಡಾನ” ಎಂದರು ಮಾವ. “ಇನ್ನ ಅವಾ ನನ್ನ ಸರ್ ಅಂತ ಕರಿತಾನೇನವ್ವಾ?”

ನನಗೆ ಅಳು ಬಂತು. ತಣ್ಣಗಾಗಿದ್ದ ಅವರ ಕೈಯನ್ನು ದೇವದುರ್ಗ ಬರುವವರೆಗೂ ಬಿಡಲಿಲ್ಲ.